ಉಸಿರನ್ನು ತೂಗುವ ಗ್ಯಾಸಕ್ಕ

ನೀರು ಬಿದ್ದ ಕಾರ್ಬೈಡ್ ಕಲ್ಲಿನ ವಾಸನೆ ಆಕೆಗೆ ಇವತ್ತಿಗೂ ನೆನಪಿದೆ. ಕೊಳೆತ ಬೆಳ್ಳುಳ್ಳಿಯ ಹಾಗೆ, ಸುಟ್ಟ ಕಬ್ಬಿಣದ ಹಾಗೆ, ಎರಡೂ ಅಲ್ಲದ ಹಾಗೆ. ಅಪ್ಪ ವೆಲ್ಡಿಂಗ್ ಕೆಲಸದವರು. ಅಂಗಡಿಯ ಹಿಂದೆ ಒಂದು ತಗಡಿನ ಡ್ರಮ್ಮು. ಅದರೊಳಗಿನ ನೀರಿಗೆ ಬೂದು ಬಣ್ಣದ ಕಲ್ಲುಗಳನ್ನು ಬಿಟ್ಟರೆ ಮೊದಲು ಗುಳುಗುಳು ಸದ್ದು, ಹಿಂದೆಯೇ ಆ ವಾಸನೆ. ಶಾಲೆ ಬಿಟ್ಟು ಬಂದ ಹುಡುಗಿ ಮೂಗು ಮುಚ್ಚಿಕೊಂಡು ಹೊಸ್ತಿಲಲ್ಲೇ ನಿಲ್ಲುತ್ತಿದ್ದಳು. "ವಾಸನೆ ಬಂತಾ? ಹಾಗಾದ್ರೆ ದೂರ ನಿಲ್ಲು. ತಾನು ಇದ್ದೀನಿ ಅಂತ ಅದು ಹೇಳ್ತಾ ಇದೆ" ಎನ್ನುತ್ತಿದ್ದರು ಅಪ್ಪ. ಒಂದು ಮುಷ್ಟಿ ಕಲ್ಲು ಇಡೀ ಡ್ರಮ್ಮು ತುಂಬುವಷ್ಟು ಅನಿಲವಾಗಿ ಭಾರದ ಮುಚ್ಚಳವನ್ನು ಮೇಲಕ್ಕೆತ್ತುವುದನ್ನು ನೋಡುತ್ತಲೇ ಆಕೆ ಬೆಳೆದರು.

ಈಗ ಐವತ್ತೊಂದರ ವಯಸ್ಸಿನಲ್ಲಿ ಅವರು ಕಾಯುತ್ತಿರುವ ಅನಿಲಕ್ಕೆ ವಾಸನೆಯಿಲ್ಲ. ಬಣ್ಣವೂ ಇಲ್ಲ. ಇದೆಯೋ ಮುಗಿಯಿತೋ ಎಂದು ಮೂಗು ಹೇಳುವುದಿಲ್ಲ, ಕಣ್ಣು ಹೇಳುವುದಿಲ್ಲ.

"ಅದಕ್ಕೇ ನನಗೆ ಹೆದರಿಕೆ" ಎನ್ನುತ್ತಾರೆ. "ಅಪ್ಪನ ಗ್ಯಾಸು ಹೇಳಿ ಬರ್ತಿತ್ತು. ನನ್ನದು ಹೇಳದೇ ಹೋಗುತ್ತೆ."

ಬೆಳಗಿನ ಐದೂವರೆಗೆ ಆಸ್ಪತ್ರೆಯ ಹಿಂಬಾಗಿಲ ಬೀಗ ತೆಗೆಯುವುದು ಅವರೇ. ಇಪ್ಪತ್ತು ಹಾಸಿಗೆಗಳ ಸಣ್ಣ ಆಸ್ಪತ್ರೆ. ಬಟ್ಟೆ ಒಗೆಯುವ ಕೋಣೆಗೂ ಅಡುಗೆಮನೆಗೂ ನಡುವೆ ಒಂದು ಕಿಟಕಿ, ಎರಡು ಬಾಗಿಲು ಇರುವ ಸಿಮೆಂಟು ನೆಲದ ಕೋಣೆ. ಅದು ಆಕ್ಸಿಜನ್ ರೂಮು. ಗೋಡೆಯುದ್ದಕ್ಕೂ ಎದೆಮಟ್ಟದ ಸಿಲಿಂಡರುಗಳು ಸರಪಳಿ ಬಿಗಿಸಿಕೊಂಡು ನಿಂತಿವೆ. ಎಡಗಡೆ ತುಂಬಿದವು, ಬಲಗಡೆ ಖಾಲಿ. ಆಕೆ ಮೊದಲು ಕೈಗೆ ಸೋಪು ಹಚ್ಚಿ ಮೊಣಕೈವರೆಗೆ ತೊಳೆಯುತ್ತಾರೆ, ಒರೆಸಿಕೊಳ್ಳುತ್ತಾರೆ, ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ಜಿಡ್ಡಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಆಕ್ಸಿಜನ್ ರಭಸವಾಗಿ ಹೊರಬರುವ ಜಾಗದಲ್ಲಿ ಒಂದು ಹನಿ ಎಣ್ಣೆಯಿದ್ದರೂ ಬೆಂಕಿ ಹೊತ್ತಿಕೊಳ್ಳಬಹುದು. ಹಾಗಾಗಿ ಕೆಲಸದ ದಿನ ಅವರು ತಲೆಗೂ ಎಣ್ಣೆ ಹಚ್ಚುವುದಿಲ್ಲ. ಕೂದಲು ಒಣಗಿ ಪೊರಕೆಯಾಗಿದೆ ಎಂದು ಮಗಳು ರೇಗಿಸುತ್ತಾಳಂತೆ.

ಆಮೇಲೆ ಒಂದು ಸಿಲಿಂಡರನ್ನು ತುಸು ವಾಲಿಸಿ, ತಳದ ಅಂಚಿನ ಮೇಲೆ ತಿರುಗಿಸುತ್ತಾ, ಒಂದೊಂದೇ ಹೆಜ್ಜೆ ಇಟ್ಟು ಬಾಗಿಲಿನವರೆಗೆ ನಡೆಸಿಕೊಂಡು ಹೋಗುತ್ತಾರೆ. ಬರಿಯ ಕಬ್ಬಿಣವೇ ಐವತ್ತೈದು ಕಿಲೋಗಿಂತ ಹೆಚ್ಚು. ಆಕೆಯ ತೂಕ ಅದಕ್ಕಿಂತ ಕಡಿಮೆ. "ಮದುವೆಯಾದ ಹೊಸದರಲ್ಲಿ ನಮ್ಮ ಯಜಮಾನ್ರ ಜೊತೆಗೂ ಇಷ್ಟು ಹುಷಾರಾಗಿ ಹೆಜ್ಜೆ ಹಾಕಿರಲಿಲ್ಲ" ಎಂದು ನಗುತ್ತಾರೆ. ನಗುವಾಗಲೂ ಕಣ್ಣು ಸಿಲಿಂಡರಿನ ಕುತ್ತಿಗೆಯ ಮೇಲೇ ಇರುತ್ತದೆ. ಆ ಕುತ್ತಿಗೆ ಮುರಿದರೆ ಒಳಗಿನ ಒತ್ತಡಕ್ಕೆ ಅದು ಗೋಡೆಯನ್ನೂ ತೂರಿಕೊಂಡು ಹೋಗಬಲ್ಲದು.

ನರ್ಸುಗಳೆಲ್ಲ ಅವರನ್ನು ಗ್ಯಾಸಕ್ಕ ಎಂದೇ ಕರೆಯುವುದು. ಬೇಜಾರಿಲ್ಲವೇ ಎಂದು ಕೇಳಿದರೆ, ಬೇಜಾರೇನೂ ಇಲ್ಲ, ಹೊಸದಾಗಿ ಬಂದವರು ಮಾತ್ರ ಪಾಪ ಈಕೆಗೆ ಹೊಟ್ಟೆ ಸರಿಯಿಲ್ಲ ಅಂದುಕೊಳ್ಳುತ್ತಾರೆ ಎಂಬ ಉತ್ತರ ಬರುತ್ತದೆ.

ಹದಿನಾಲ್ಕು ವರ್ಷಗಳ ಹಿಂದೆ ನೆಲ ಒರೆಸುವ ಕೆಲಸಕ್ಕೆಂದು ಬಂದವರು ಅವರು. ಓದಿದ್ದು ಹತ್ತನೇ ತರಗತಿ. ಆಗ ಸಿಲಿಂಡರು ನೋಡಿಕೊಳ್ಳುತ್ತಿದ್ದವರು ಬೆನ್ನು ನೋವೆಂದು ಒಂದು ದಿನ ಕೀಲಿಯನ್ನು ಇವರ ಕೈಗೆ ಕೊಟ್ಟು ಹೋದರು, ತಿರುಗಿ ಬರಲಿಲ್ಲ. ಕೀಲಿ ಕೈಯಲ್ಲೇ ಉಳಿಯಿತು. ಕಾಗದದ ಮೇಲೆ ಇವತ್ತಿಗೂ ಅವರು ಸ್ವಚ್ಛತಾ ಕೆಲಸಗಾರ್ತಿ, ಅದೂ ಗುತ್ತಿಗೆಯ ಮೇಲೆ. ದಿನಕ್ಕೆ ಐದಾರು ಸಿಲಿಂಡರು ಬದಲಾಯಿಸುತ್ತಾರೆ, ಚಳಿಗಾಲದಲ್ಲಿ ಹತ್ತು. ವಾರದಲ್ಲಿ ಎರಡು ಸಲ ಲಾರಿ ಬರುತ್ತದೆ. ವಾರ್ಡಿನ ಮಗ್ಗುಲಿಗೂ ಈ ಕೋಣೆಗೂ ನಡುವೆ ಎಪ್ಪತ್ತೆರಡು ಹೆಜ್ಜೆ, ಒಂದು ಇಳಿಜಾರು. ಆ ದಾರಿಯಲ್ಲಿ ದಿನಕ್ಕೆ ಎಷ್ಟು ಸಲ ಓಡಾಡುತ್ತಾರೆಂದು ಅವರು ಲೆಕ್ಕ ಇಟ್ಟಿಲ್ಲ. ಉಳಿದೆಲ್ಲದರ ಲೆಕ್ಕ ಇದೆ.

ಕೋಣೆಯ ಗೋಡೆಗೆ ಒಂದು ಕಪ್ಪು ಹಲಗೆ ನೇತುಹಾಕಿದೆ. ಮೇಲ್ಗಡೆ ಕೆಂಪು ಬಣ್ಣದಲ್ಲಿ, ಅಳಿಸಲಾಗದ ಹಾಗೆ, ಎರಡು ಸಂಖ್ಯೆಗಳನ್ನು ಬರೆದಿದೆ: ೩೨ ಮತ್ತು ೨೪. ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೊದಲ ಪಾಠಗಳನ್ನು ಓದಿದವರಿಗೆ ಅವುಗಳ ಪರಿಚಯವಿರುತ್ತದೆ. ಮೂವತ್ತೆರಡು ಗ್ರಾಂ ಆಕ್ಸಿಜನ್ ಅಂದರೆ ಒಂದು ಮೋಲ್. ಒಂದು ಮೋಲ್ ಅನಿಲ, ಅದು ಯಾವ ಅನಿಲವೇ ಆಗಿರಲಿ, ನಾವು ಕೂತಿರುವ ಕೋಣೆಯಲ್ಲಿ ಹೆಚ್ಚುಕಡಿಮೆ ಇಪ್ಪತ್ತನಾಲ್ಕು ಲೀಟರ್ ಜಾಗ ಹಿಡಿಯುತ್ತದೆ. ಹತ್ತನೇ ತರಗತಿಗೆ ಪುಸ್ತಕ ಮುಚ್ಚಿದ ಹೆಂಗಸಿಗೆ ಈ ಪಾಠ ಸಿಕ್ಕಿದ್ದು ಮಗಳಿಂದ.

ಮೂರು ವರ್ಷಗಳ ಹಿಂದೆ ಮಗಳು ಹನ್ನೊಂದನೇ ತರಗತಿ. ಮೋಲ್ ಎಂಬ ಪಾಠ ತಲೆಗೆ ಹತ್ತದೆ, ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ತೆರೆದಿಟ್ಟುಕೊಂಡು ಅಳುತ್ತಿದ್ದಳಂತೆ. ತಾಯಿ ತಟ್ಟೆ ಒರೆಸುತ್ತಾ ಪಕ್ಕದಲ್ಲಿ ಕೂತರು. ನನಗೆ ಹೇಳಿಕೊಡು, ನನಗೆ ಅರ್ಥವಾದರೆ ನಿನಗೂ ಆದ ಹಾಗೆ ಎಂದರು. ಮಗಳು ಮೂಗೊರೆಸಿಕೊಂಡು ಶುರು ಮಾಡಿದಳು. ಡಜನ್ ಅಂದರೆ ಹನ್ನೆರಡು ಹೇಗೋ ಹಾಗೆ ಮೋಲ್ ಅಂದರೆ ಒಂದು ಎಣಿಕೆ. ಅಷ್ಟು ಸಣ್ಣ ಕಣಗಳನ್ನು ಎಣಿಸಿ ಮುಗಿಸಲಾಗುವುದಿಲ್ಲ, ಅದಕ್ಕೇ ತೂಗುತ್ತಾರೆ. ಹೈಡ್ರೋಜನ್ ಆದರೆ ಎರಡು ಗ್ರಾಂ, ಆಕ್ಸಿಜನ್ ಆದರೆ ಮೂವತ್ತೆರಡು. ತೂಕ ಬೇರೆ ಬೇರೆ. ಆದರೆ ಎರಡೂ ಹಿಡಿಯುವ ಜಾಗ ಒಂದೇ.

ತೂಕ ಬೇರೆ, ಜಾಗ ಒಂದೇ ಅಂದರೆ ಹೇಗೆ ಎಂಬಲ್ಲಿ ಇಬ್ಬರೂ ಸಿಕ್ಕಿಹಾಕಿಕೊಂಡರು. ಗಂಟು ಬಿಡಿಸಿದ್ದು ತಾಯಿ. ಅವರ ಯಜಮಾನರು ಬಸ್ ಕಂಡಕ್ಟರು.

"ನಾನಂದೆ, ನಿಮ್ಮಪ್ಪನ ಬಸ್ಸಲ್ಲಿ ದಪ್ಪಗಿರೋರಿಗೂ ಒಂದು ಸೀಟು, ಕಡ್ಡಿ ಹಾಗಿರೋರಿಗೂ ಒಂದು ಸೀಟು. ಟಿಕೆಟ್ಟೂ ಒಂದೇ. ತೂಗಿದರೆ ತಾನೇ ವ್ಯತ್ಯಾಸ? ಗ್ಯಾಸೂ ಹಾಗೇ ಇರಬೇಕು. ಮಗಳು ಅಳು ನಿಲ್ಲಿಸಿ, ಆಕ್ಸಿಜನ್ ಒಂಟಿಯಾಗಿ ಬರಲ್ಲ ಅಮ್ಮ, ಎರಡೆರಡು ಅಂಟಿಕೊಂಡೇ ಬರುತ್ತೆ ಅಂದಳು. ಸರಿ, ಜೋಡಿಯಾಗಿ ಬಸ್ ಹತ್ತಿ ಇಬ್ಬರೂ ಸೇರಿ ಒಂದೇ ಸೀಟಲ್ಲಿ ಕೂರ್ತಾರೆ ಅಂದ್ಕೋ ಅಂದೆ. ನಮ್ಮ ಯಜಮಾನ್ರು ಅಲ್ಲಿಂದಲೇ, ನನ್ನ ಬಸ್ಸಲ್ಲಿ ಹಾಗೆ ಬಿಟ್ಟರೆ ನನ್ನ ಕೆಲಸ ಹೋಗುತ್ತೆ ಅಂದರು."

ಪುಸ್ತಕದಲ್ಲಿ ಇದ್ದದ್ದು ಇಪ್ಪತ್ತೆರಡು ಚಿಲ್ಲರೆ ಲೀಟರ್. ಅದು ಸೊನ್ನೆ ಡಿಗ್ರಿಯ ಲೆಕ್ಕ. ನಮ್ಮ ರೂಮಿಗೆ ಫ್ಯಾನೇ ಇಲ್ಲ, ಸೊನ್ನೆ ಡಿಗ್ರಿ ಎಲ್ಲಿಂದ ಬರಬೇಕು ಎಂದು ಆಕೆ ಕೇಳಿದ್ದಕ್ಕೆ ಮಗಳು ಪಾಠದ ಕೊನೆಯಲ್ಲಿ ಹುಡುಕಿ, ಕೋಣೆಯ ಬಿಸಿಗೆ ಇಪ್ಪತ್ತನಾಲ್ಕು ಎಂದು ಹೇಳಿದಳು. ಬಿಸಿಯಾದರೆ ಅನಿಲ ಕೈಕಾಲು ಚಾಚಿಕೊಳ್ಳುತ್ತದೆ. ಮಗಳು ಪಾಸಾದಳು. ಮೂಲವಸ್ತುಗಳ ಹೆಸರು, ತೂಕ ಬರೆದ ದೊಡ್ಡ ಹಾಳೆಯೊಂದು ಅಡುಗೆಮನೆಯ ಗೋಡೆಯ ಮೇಲೆ ಹಾಗೇ ಉಳಿಯಿತು. ತಾಯಿ ದಿನಾ ಒಲೆಯ ಮುಂದೆ ನಿಂತು ಅದನ್ನು ನೋಡುತ್ತಿದ್ದರು. ಆಕ್ಸಿಜನ್ ಎಂದಿರುವ ಕಡೆ ಅದರಲ್ಲಿ ಹದಿನಾರು ಎಂದಿತ್ತು. ಒಂಟಿ ಕಣದ ತೂಕ ಅದು. ಹಾಳೆಯಲ್ಲಿ ತಪ್ಪೇನೂ ಇರಲಿಲ್ಲ.

ಕಳೆದ ವರ್ಷ ಚಳಿ ಮುಗಿಯುತ್ತಿದ್ದ ದಿನಗಳು. ಬೆಳಗಿನ ಜಾವ ಹೆದ್ದಾರಿಯಲ್ಲಿ ಟ್ಯಾಂಕರೊಂದು ಮಗುಚಿ ಎರಡೂ ಕಡೆ ವಾಹನ ನಿಂತುಬಿಟ್ಟವು. ಆ ಸಾಲಿನ ಆಚೆ ತುದಿಯಲ್ಲಿ ಸಿಕ್ಕಿಕೊಂಡಿತ್ತು ಆಕ್ಸಿಜನ್ ಲಾರಿ. ದಾರಿ ಬಿಡುವುದು ಮಧ್ಯಾಹ್ನ, ಲಾರಿ ಇಲ್ಲಿಗೆ ತಲುಪುವುದು ಸಂಜೆ ನಾಲ್ಕಕ್ಕೆ ಎಂದು ಫೋನಿನಲ್ಲಿ ತಿಳಿಯಿತು. ಹತ್ತಿರದ ಇನ್ನೊಂದು ಆಸ್ಪತ್ರೆಯವರು ಕಾಯುತ್ತಿದ್ದದ್ದೂ ಅದೇ ಲಾರಿಯನ್ನು. ದೊಡ್ಡ ಆಸ್ಪತ್ರೆಗೆ ಹೋಗುವ ದಾರಿಯೂ ಅದೇ ಹೆದ್ದಾರಿ. ಆ ದಿನ ಇಲ್ಲಿ ಆಕ್ಸಿಜನ್ ಬೇಕಾಗಿದ್ದದ್ದು ಒಬ್ಬರಿಗೆ ಮಾತ್ರ: ನ್ಯುಮೋನಿಯಾದಿಂದ ಬಂದು ಸೇರಿದ್ದ ಆರು ವರ್ಷದ ಹುಡುಗಿ. ನಿಮಿಷಕ್ಕೆ ಐದು ಲೀಟರ್. ಎಡಗಡೆಯ ಸಾಲಿನದು ಉಳಿದಿದ್ದದ್ದು ಒಂದೇ ಸಿಲಿಂಡರು, ಅದೂ ಮಗುವಿನ ಮಂಚದ ಪಕ್ಕಕ್ಕೆ ಹೋಗಿ ಅರ್ಧಕ್ಕಿಂತ ಹೆಚ್ಚು ಮುಗಿದದ್ದು.

ಎಷ್ಟು ಉಳಿದಿದೆ ಎಂದು ಸಾಮಾನ್ಯವಾಗಿ ಮುಳ್ಳು ಹೇಳುತ್ತದೆ. ಸಿಲಿಂಡರಿನ ಬಾಯಿಗೆ ಕೂರಿಸುವ ಹಿತ್ತಾಳೆಯ ಉಪಕರಣಕ್ಕೆ ಗಡಿಯಾರದಂಥ ಒಂದು ಮುಖವಿರುತ್ತದೆ. ಆಸ್ಪತ್ರೆಯಲ್ಲಿದ್ದ ಅಂಥ ಮೂರರಲ್ಲಿ ಎರಡು ರಿಪೇರಿಗೆ ಹೋಗಿದ್ದವು. ಮೂರನೆಯದರ ಮುಳ್ಳು ಆ ಬೆಳಿಗ್ಗೆ ನಡುವಿನಲ್ಲೇ ನಿಂತುಹೋಯಿತು. ತಟ್ಟಿದರೂ ಅಲುಗಲಿಲ್ಲ. ಅನಿಲ ಹರಿಯುತ್ತಿತ್ತು, ಎಷ್ಟಿದೆ ಎನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ತೂಗಿದರೆ ಹೇಗೆ ಎಂದು ಆಕೆಗೆ ಹೊಳೆದದ್ದು ಆಗ. ಪ್ರತಿ ಸಿಲಿಂಡರಿನ ಹೆಗಲ ಮೇಲೂ ಅದರ ಖಾಲಿ ತೂಕವನ್ನು ಅಚ್ಚು ಹೊಡೆದಿರುತ್ತಾರೆ. ಅಡುಗೆಮನೆಯಲ್ಲಿ ದಿನಸಿ ಮೂಟೆ ತೂಗುವ ತಕ್ಕಡಿಯಿತ್ತು, ಐವತ್ತು ಗ್ರಾಮಿನ ವ್ಯತ್ಯಾಸವನ್ನೂ ಕೆಂಪಂಕಿಯಲ್ಲಿ ತೋರಿಸುವಂಥದ್ದು. ಅಡುಗೆಯವರು ಅದನ್ನು ಕೇಳಿದ ತಕ್ಷಣ ಎತ್ತಿ ತಂದರು. ತರುವ ಮೊದಲು, ಎಣ್ಣೆ ಜಿಡ್ಡು ಇರಬಾರದೆಂದು ತಾವಾಗಿಯೇ ನೆನಪಿಟ್ಟುಕೊಂಡು, ಬಿಸಿನೀರು ಸೋಪಿನಲ್ಲಿ ಅದನ್ನು ಎರಡು ಸಲ ಒರೆಸಿದ್ದರು. ಅಚ್ಚಿನ ತೂಕ ಕಳೆದು, ಹಿತ್ತಾಳೆಯ ಉಪಕರಣದ ತೂಕವನ್ನೂ ಕಳೆದಾಗ ಉಳಿದದ್ದು ಎರಡು ಕಿಲೋ ನಾನೂರು ಗ್ರಾಂ. ಬೆಳಗಿನ ಏಳು ಗಂಟೆ.

ಗಂಟೆಗೆ ಮುನ್ನೂರು ಲೀಟರ್ ಬೇಕು. ಅದನ್ನು ಇಪ್ಪತ್ತನಾಲ್ಕರಿಂದ ಭಾಗಿಸಿದರೆ ಹನ್ನೆರಡೂವರೆ ಮೋಲ್. ಒಂದು ಮೋಲಿಗೆ ಎಷ್ಟು ಗ್ರಾಂ? ಪಕ್ಕದಲ್ಲಿ ದೊಡ್ಡ ಸಿಸ್ಟರ್ ನಿಂತಿದ್ದರು, ವಾರ್ಡಿನ ಹಿರಿಯ ನರ್ಸು. ಕಣ್ಣು ಮುಚ್ಚಿದರೆ ಒಲೆಯ ಮೇಲಿನ ಗೋಡೆ ಕಾಣಿಸಿತು, ಹಾಳೆ ಕಾಣಿಸಿತು. ಹದಿನಾರು. ಹನ್ನೆರಡೂವರೆ ಹದಿನಾರಲಿ ಇನ್ನೂರು. ಗಂಟೆಗೆ ಇನ್ನೂರು ಗ್ರಾಂ, ಹನ್ನೆರಡು ಗಂಟೆಗೆ ಸಾಕು. ಹಲಗೆಯ ಮೇಲೆ ಬರೆದರು: ಸಂಜೆ ಏಳರವರೆಗೆ.

ಮಕ್ಕಳ ಡಾಕ್ಟರು ಬಂದು ಹಲಗೆ ನೋಡಿದರು. ಸಣ್ಣ ವಯಸ್ಸಿನ ಹೆಂಗಸು, ಹಿಂದಿನ ದಿನದಿಂದ ಕೂತಿರಲಿಲ್ಲ. ಕಾಡುದಾರಿಯಲ್ಲಿ ಸುತ್ತಿ ಬಳಸಿ ಮಗುವನ್ನು ಕಳಿಸಿಬಿಡುವುದೋ ಇಲ್ಲೇ ಉಳಿಸಿಕೊಳ್ಳುವುದೋ ಎಂದು ಅವರು ತೂಗಿನೋಡುತ್ತಿದ್ದರು. ಲಾರಿ ನಾಲ್ಕಕ್ಕೆ, ಇದು ಏಳರವರೆಗೆ. ಇಲ್ಲೇ ಇರಲಿ ಎಂದರು. ಮಗುವಿನ ತಾಯಿಗೂ ಅದನ್ನೇ ಹೇಳಿದರು. ಆ ತಾಯಿ ಮನೆಮನೆಗೆ ಹೋಗಿ ಬಟ್ಟೆ ಇಸ್ತ್ರಿ ಮಾಡುವಾಕೆ. ಅದುವರೆಗೆ ಮಂಚದ ಕಂಬಿಯನ್ನು ಹಿಡಿದೇ ನಿಂತಿದ್ದವಳು ಮೊದಲ ಬಾರಿಗೆ ಸ್ಟೂಲಿನ ಮೇಲೆ ಕೂತಳು.

ತಕ್ಕಡಿ ಅಡುಗೆಮನೆಗೆ ವಾಪಸಾಯಿತು. ಗ್ಯಾಸಕ್ಕ ಒಂಬತ್ತರವರೆಗೆ ನೆಲ ಒರೆಸಿದರು. ಆದರೆ ಸಮಾಧಾನವಿರಲಿಲ್ಲ. "ಏನೋ ಒಂದು ಚುಚ್ಚುತ್ತಿತ್ತು. ಒಲೆ ಆರಿಸದೇ ಬಂದ ಹಾಗೆ" ಎನ್ನುತ್ತಾರೆ. ಹತ್ತು ಗಂಟೆಗೆ ಮತ್ತೆ ತಕ್ಕಡಿ ಕೇಳಿ ತಂದರು. ಮೂರು ಗಂಟೆಯಲ್ಲಿ ಆರುನೂರು ಗ್ರಾಂ ಕಡಿಮೆಯಾಗಿರಬೇಕು. ಕೆಂಪಂಕಿ ನಿಂತಾಗ ಕಡಿಮೆಯಾಗಿದ್ದದ್ದು ಒಂದು ಕಿಲೋ ಇನ್ನೂರು.

ಸರಿಯಾಗಿ ಎರಡು ಪಟ್ಟು.

ಎಲ್ಲೋ ಸೋರುತ್ತಿರಬೇಕು ಅಕ್ಕ ಎಂದರು ದೊಡ್ಡ ಸಿಸ್ಟರ್. ಸೋಪಿನ ನೊರೆ ತಂದು ಪ್ರತಿ ಜೋಡಣೆಗೂ ಸವರಿದರು. ಎಲ್ಲೂ ಒಂದು ಗುಳ್ಳೆ ಏಳಲಿಲ್ಲ. ನೊರೆ ಸದ್ದಿಲ್ಲದೆ ಒಣಗುತ್ತಿತ್ತು. ನಳಿಗೆ ಬದಲಾಯಿಸೋಣ, ವಾಷರ್ ಹುಡುಕೋಣ ಎಂದು ಸಿಸ್ಟರ್ ಓಡಾಡತೊಡಗಿದರು. ಆಕೆ ಮಾತ್ರ ಕೋಣೆಗೆ ಮರಳಿ ಹಲಗೆಯ ಮುಂದೆ ನಿಂತುಬಿಟ್ಟಿದ್ದರು. ಸೋರಿಕೆ ಯಾವತ್ತೂ ಇಷ್ಟು ಅಚ್ಚುಕಟ್ಟಾಗಿ ಎರಡು ಪಟ್ಟು ಆಗುವುದಿಲ್ಲ. ಬಸ್ಸಿನ ಸೀಟು ನೆನಪಾದದ್ದು ಆ ಕ್ಷಣಕ್ಕೆ. ಜೋಡಿಯಾಗಿ ಹತ್ತುವವರು. ಹದಿನಾರಲ್ಲ, ಮೂವತ್ತೆರಡು. ಗಂಟೆಗೆ ಇನ್ನೂರಲ್ಲ, ನಾನೂರು. ಉಳಿದಿರುವ ಒಂದು ಕಿಲೋ ಇನ್ನೂರು ಗ್ರಾಂ ಮೂರೇ ಗಂಟೆಗೆ ಆಗುತ್ತದೆ. ಮಧ್ಯಾಹ್ನ ಒಂದಕ್ಕೆ ಮುಗಿಯುತ್ತದೆ. ಲಾರಿ ಬರುವುದು ನಾಲ್ಕಕ್ಕೆ.

"ಸೋರಿಕೆ ಅಂತಲೇ ಬಿಟ್ಟುಬಿಟ್ಟಿದ್ದರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಅದೂ ತಲೆಯಲ್ಲಿ ಬಂತು, ಸುಳ್ಳು ಯಾಕೆ ಹೇಳಲಿ. ಗುತ್ತಿಗೆಯವಳು ನಾನು, ಒಂದು ಮಾತಲ್ಲಿ ಕಳಿಸಿಬಿಡ್ತಾರೆ. ಆದರೆ ಅವರೆಲ್ಲ ಇಲ್ಲದ ತೂತು ಹುಡುಕ್ತಾ ಕೂತರೆ ಹೊತ್ತು ಹೋಗೋದು ಯಾರದು?"

ಎಪ್ಪತ್ತೆರಡು ಹೆಜ್ಜೆ ನಡೆದು ವಾರ್ಡಿಗೆ ಹೋದರು. ಡಾಕ್ಟರು ಮಗುವಿನ ಬೆನ್ನ ಮೇಲೆ ಸ್ಟೆತಸ್ಕೋಪ್ ಇಟ್ಟು ಬಗ್ಗಿದ್ದರು. ತಾಯಿ ಅಲ್ಲೇ ಸ್ಟೂಲಿನ ಮೇಲಿದ್ದಳು. ಹೊರಗೆ ಕರೆದು ಹೇಳುವಷ್ಟು ತಾಳ್ಮೆ ಆಕೆಗೆ ಉಳಿದಿರಲಿಲ್ಲ.

"ಸೋರಿಕೆ ಅಲ್ಲ ಡಾಕ್ಟ್ರೇ. ಲೆಕ್ಕ ತಪ್ಪಿದ್ದು ನಾನು. ಏಳರವರೆಗೆ ಬರಲ್ಲ. ಒಂದಕ್ಕೆ ಮುಗಿಯುತ್ತೆ."

ಮಗುವಿನ ಮುಖಕ್ಕೆ ಕಟ್ಟಿದ ಮುಖವಾಡದೊಳಗೆ ಗಾಳಿ ಬರುವ ಸುಯ್ ಎಂಬ ಶಬ್ದ ಕೇಳುತ್ತಿತ್ತು. ತಾಯಿ ಎದ್ದು ನಿಂತಳು.

"ಸಂಜೆ ಏಳರವರೆಗೆ ಅಂತ ಬೆಳಿಗ್ಗೆ ಅಂದ್ರಲ್ಲ."

"ಹೌದಮ್ಮ. ತಪ್ಪು ಹೇಳಿದೆ."

ತಾಯಿ ತಿರುಗಿ ಮಂಚದ ಕಂಬಿ ಹಿಡಿದುಕೊಂಡಳು. ಆಮೇಲೆ ಮಧ್ಯಾಹ್ನದವರೆಗೂ ಗ್ಯಾಸಕ್ಕನ ಮುಖ ನೋಡಲಿಲ್ಲ.

ಡಾಕ್ಟರು ಕೋಣೆಗೆ ಬಂದು ಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಅವರು ಬೈಯಬಹುದಿತ್ತು. ಹೇಳಿದ್ದು ಇಷ್ಟು: "ಬೆಳಿಗ್ಗೆ ಇದನ್ನ ನಾನೂ ನೋಡಿದೆ. ನಾನು ಎಂಟೂವರೆ ವರ್ಷ ಡಾಕ್ಟರಿಕೆ ಓದಿದೀನಿ. ನನಗೂ ಕಾಣಿಸಲಿಲ್ಲ." ಹಾಗೆಂದು ಬಟ್ಟೆಯಿಂದ ಏಳು ಎಂಬುದನ್ನು ತಾವೇ ಅಳಿಸಿದರು.

ಮಗುವನ್ನು ಈಗ ಕಾಡುದಾರಿಯಲ್ಲಿ ಕಳಿಸಿದರೆ ಉಳಿದ ಆಕ್ಸಿಜನ್ ನಡುದಾರಿಯಲ್ಲೇ ಮುಗಿಯಬಹುದಿತ್ತು. ಹತ್ತೂ ಇಪ್ಪತ್ತೈದಕ್ಕೆ ಆಂಬುಲೆನ್ಸ್ ಹೊರಟಿತು. ಹೆದ್ದಾರಿಯ ಈಚೆ ತುದಿಯವರೆಗೆ ಹೋಗಿ, ಅಲ್ಲಿಂದ ನಡೆದು ಲಾರಿಯನ್ನು ಹುಡುಕಿ, ಹೇಗಾದರೂ ಒಂದು ಸಿಲಿಂಡರು ತರುವುದು ಡ್ರೈವರಿನ ಪಾಲಿನ ಕೆಲಸ. ಅವನು ಯಾವಾಗ ಬರುತ್ತಾನೆಂದು ಯಾರಿಗೂ ಹೇಳಲಾಗುತ್ತಿರಲಿಲ್ಲ. ಅಲ್ಲಿ ಫೋನು ಸಿಗುವುದಿಲ್ಲ.

ಡಾಕ್ಟರು ಹರಿವನ್ನು ನಾಲ್ಕು ಲೀಟರಿಗೆ ಇಳಿಸಿ ನೋಡಿದರು. ಮಗುವಿನ ಬೆರಳಿಗೆ ಸಿಕ್ಕಿಸಿದ ಯಂತ್ರದಲ್ಲಿ ತೊಂಬತ್ತನಾಲ್ಕು ಇದ್ದದ್ದು ತೊಂಬತ್ತೊಂದಾಯಿತು, ತೊಂಬತ್ತಾಯಿತು, ಎಂಬತ್ತೊಂಬತ್ತಾಯಿತು. ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಎಳೆದುಕೊಳ್ಳತೊಡಗಿತು. ಮತ್ತೆ ಐದಕ್ಕೇ ತಿರುಗಿಸಿದರು. ಅನಿಲ ಉಳಿಸುವ ದಾರಿ ಮುಚ್ಚಿತು.

ಆಗ ಗ್ಯಾಸಕ್ಕ ಬಲಗಡೆಯ ಸಾಲಿಗೆ ತಿರುಗಿದರು. ಖಾಲಿಯೆಂದು ನಿಲ್ಲಿಸಿದ್ದ ಸಿಲಿಂಡರುಗಳು ಹನ್ನೊಂದು. ಪೂರ್ತಿ ಬರಿದಾಗುವ ಮೊದಲೇ ಬಾಯಿ ಮುಚ್ಚುವುದು ಈ ಕೆಲಸದ ರೂಢಿ. ಒಳಗೆ ಸ್ವಲ್ಪ ಒತ್ತಡ ಉಳಿಯದಿದ್ದರೆ ಹೊರಗಿನ ತೇವ ನುಗ್ಗುತ್ತದೆ. ಆ ಸ್ವಲ್ಪ ಎಂಬುದು ಎಷ್ಟು ಎಂದು ಯಾರೂ ನೋಡಿದವರಲ್ಲ. ಮುಳ್ಳು ಅಷ್ಟು ಕೆಳಗೆ ನಿಜ ಹೇಳುವುದಿಲ್ಲ. ತಕ್ಕಡಿ ಹೇಳುತ್ತದೆ.

ಸರಪಳಿ ಬಿಚ್ಚಿ ಒಂದೊಂದನ್ನೇ ನಡೆಸಿ ತಂದರು. ಅಡುಗೆಯವರು ಇನ್ನೊಂದು ಪಕ್ಕ ಹಿಡಿದರು. ಹೆಗಲ ಮೇಲಿನ ಅಚ್ಚನ್ನು ಬೆರಳಿನಿಂದ ಸವರಿ ಓದುವುದು, ಕೆಂಪಂಕಿ ನೋಡುವುದು, ಕಳೆಯುವುದು. ಮೊದಲನೆಯದರಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ಏನೂ ಇಲ್ಲ. ಮೂರನೆಯದರಲ್ಲಿ ನೂರು ಗ್ರಾಂ. ನೂರು ಗ್ರಾಂ ಅಂದರೆ ಹದಿನೈದು ನಿಮಿಷ. ಹನ್ನೊಂದರಲ್ಲಿ ಏಳು ನಿಜಕ್ಕೂ ಬರಿದು. ನಾಲ್ಕರಲ್ಲಿ ನೂರೈವತ್ತು, ನೂರು, ನೂರು, ಐವತ್ತು. ಎಲ್ಲ ಸೇರಿ ನಾನೂರು ಗ್ರಾಂ. ಒಂದು ಗಂಟೆಯ ಉಸಿರು. ಹಲಗೆಯ ಮೇಲೆ ಬರೆಯುವ ಮೊದಲು ಈ ಸಲ ಡಾಕ್ಟರನ್ನು ಕರೆದು, ಇಬ್ಬರೂ ಬೇರೆ ಬೇರೆ ಲೆಕ್ಕ ಮಾಡಿ, ಉತ್ತರ ಹೊಂದಿದ ಮೇಲೆ ಬರೆದರು: ಎರಡರವರೆಗೆ.

ಮಗುವಿಗೆ ಹಾಕಿದ್ದ ಸಿಲಿಂಡರು ಹನ್ನೆರಡೂ ಐವತ್ತಕ್ಕೇ ಸೋತಿತು. ತಳದ ಕೊನೆಯ ಪಾಲು ಹೊರಗೆ ಬರಲಿಲ್ಲ. ಉಪಕರಣ ಇದ್ದದ್ದು ಒಂದೇ. ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ಕೂರಿಸುವಷ್ಟು ಹೊತ್ತು ಮಗುವಿಗೆ ಏನೂ ಇಲ್ಲ. ಸಿಸ್ಟರ್ ಗಟ್ಟಿಯಾಗಿ ಎಣಿಸುತ್ತಿದ್ದರು. ಮೊದಲ ಸಲ ನಲವತ್ತೊಂದು ಎಣಿಕೆ ಹಿಡಿಯಿತು. ಎರಡನೇ ಸಲ ಮೂವತ್ತು. ಒಂದೂ ಇಪ್ಪತ್ತೇಳಕ್ಕೆ ಮೂರನೆಯದನ್ನು ಕೂರಿಸುವಾಗ ಇಪ್ಪತ್ತನಾಲ್ಕು. ಹದಿನೈದು ನಿಮಿಷದ್ದು ಅದು. ಅದಾದ ಮೇಲೆ ಏಳು ನಿಮಿಷದ್ದೊಂದು, ಅಷ್ಟೇ.

ಒಂದೂ ಮೂವತ್ತೈದಕ್ಕೆ ಇಳಿಜಾರಿನ ಕಡೆಯಿಂದ ಕಬ್ಬಿಣ ಸಿಮೆಂಟಿಗೆ ತಾಗುವ ಸದ್ದು ಕೇಳಿತು. ಡ್ರೈವರೂ ಲಾರಿಯ ಕ್ಲೀನರೂ ಟ್ಯಾಂಕರು ಬಿದ್ದಿದ್ದ ಜಾಗವನ್ನು ದಾಟಿ, ಸಿಲಿಂಡರೊಂದನ್ನು ಒಂದೂವರೆ ಕಿಲೋಮೀಟರು ಹೆಗಲ ಮೇಲೆ ಹೊತ್ತು ಆಂಬುಲೆನ್ಸಿಗೆ ತಂದಿದ್ದರು. ಡ್ರೈವರಿನ ಅಂಗಿಯ ಹೆಗಲು ಹರಿದು ರಕ್ತ ಒಸರುತ್ತಿತ್ತು. ಅವನು ಅದನ್ನು ಗಮನಿಸಿರಲಿಲ್ಲ. ಆಕೆ ತುಂಬಿದ ಸಿಲಿಂಡರನ್ನು ಕೂರಿಸಿ, ಕೀಲಿ ತಿರುಗಿಸಿ, ಗಾಳಿಯ ಸದ್ದು ಕೇಳಿದ ಮೇಲೆ, ಆ ಹೆಗಲಿಗೆ ಹತ್ತಿ ಇಟ್ಟು ಒತ್ತಿ ಹಿಡಿದರು.

ಕೆಲಸ ಹೋಗಲಿಲ್ಲ. ಆಡಳಿತದವರು ಕರೆದು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಡಾಕ್ಟರೂ ಪಕ್ಕದಲ್ಲಿ ನಿಂತಿದ್ದರು. ಎಂಟನೇ ದಿನಕ್ಕೆ ಮಗು ನಡೆದುಕೊಂಡು ಮನೆಗೆ ಹೋಯಿತು. ಕೆಂಪು ಬಣ್ಣದ ಆ ಎರಡು ಸಂಖ್ಯೆಗಳು ಹಲಗೆಗೆ ಬಂದದ್ದು ಮರುವಾರ. ಒಂದು ಸಿಲಿಂಡರನ್ನು ತುಂಬಿದ್ದಾಗಲೂ ಬರಿದಾದ ಮೇಲೆಯೂ ತೂಗಿ ನೋಡಿದರು: ಏಳು ಸಾವಿರ ಲೀಟರ್ ಎಂದು ಬರೆದದ್ದರಲ್ಲಿ ಒಂಬತ್ತು ಕಿಲೋ ಮುನ್ನೂರು ಗ್ರಾಂ ಹತ್ತಿರ ವ್ಯತ್ಯಾಸ ಬಂತು. ಮಗಳ ಪುಸ್ತಕದ ಲೆಕ್ಕವೂ ಅದನ್ನೇ ಹೇಳುತ್ತಿತ್ತು. ಇದನ್ನು ಮೊದಲೇ ಮಾಡಿ ನೋಡಿದ್ದರೆ ಎಂದು ಅವರು ಎಷ್ಟು ಸಲ ಅಂದುಕೊಂಡಿದ್ದಾರೋ. ಅಡುಗೆಮನೆಯ ಹಾಳೆಯಲ್ಲಿ ಹದಿನಾರರ ಪಕ್ಕ ಮಗಳ ಕೈಯಿಂದ "ಒಂಟಿ" ಎಂದು ಬರೆಸಿದ್ದಾರೆ.

ಹೆದರಿಕೆ ಹೋಗಿಲ್ಲ. ವಾರ್ಡಿನಲ್ಲಿ ಯಾರಾದರೂ ಜೋರಾಗಿ ಕರೆದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತಾರೆ. ಮುಳ್ಳು ಸರಿಯಿದ್ದರೂ ದಿನಕ್ಕೆ ಎರಡು ಸಲ ತೂಗುತ್ತಾರೆ. ಈಗ ಖಾಲಿ ಸಾಲಿನ ಪ್ರತಿ ಸಿಲಿಂಡರಿನ ಕುತ್ತಿಗೆಗೂ ಒಂದು ರಟ್ಟಿನ ಚೀಟಿ ಇದೆ, ಒಳಗೆ ಎಷ್ಟು ಗ್ರಾಂ ಉಳಿದಿದೆ ಎಂದು. ಹೊಸ ನರ್ಸುಗಳಿಗೆ ಬಸ್ಸಿನ ಸೀಟಿನ ಪಾಠವನ್ನು ಅವರೇ ಹೇಳಿಕೊಡುತ್ತಾರೆ, ತಮ್ಮ ತಪ್ಪಿನ ಸಮೇತ. "ತಪ್ಪು ಬಿಟ್ಟು ಹೇಳಿದರೆ ಪಾಠ ಹಗುರ ಆಗುತ್ತೆ. ಹಗುರ ಆದದ್ದು ಮರೆತುಹೋಗುತ್ತೆ" ಎನ್ನುತ್ತಾರೆ.

ಏನು ಬೇಕು ಎಂದು ಕೇಳಿದರೆ ಅಡುಗೆಮನೆಯ ಕಡೆ ನೋಡುತ್ತಾರೆ. "ಒಂದು ತಕ್ಕಡಿ. ಈ ರೂಮಿಗೇ ಅಂತ. ಅಡುಗೆಯವರು ಪಾಪ ದಿನಾ ಎರಡು ಸಲ ಒರೆಸಿ ಕೊಡ್ತಾರೆ, ಒಂದು ದಿನವೂ ಮುಖ ಗಂಟು ಹಾಕಿಲ್ಲ. ಆದರೂ ಕೇಳಿ ತರೋಕೆ ಎರಡು ನಿಮಿಷ ಬೇಕು. ಎರಡು ನಿಮಿಷ ಅಂದ್ರೆ ಹತ್ತು ಲೀಟರ್."

ಆ ದಿನದ ಒಂದು ಸಂಗತಿಯನ್ನು ಅವರು ಆಡಳಿತದವರಿಗೆ ಹೇಳಿಲ್ಲ, ಮನೆಯಲ್ಲೂ ತಡವಾಗಿ ಹೇಳಿದರು. ಎಲ್ಲ ಮುಗಿದ ಮೇಲೆ, ಮೂರು ಗಂಟೆಯ ಹೊತ್ತಿಗೆ, ಆಕ್ಸಿಜನ್ ರೂಮಿನ ನೆಲದ ಮೇಲೆ ಗೋಡೆಗೊರಗಿ ಕೂತುಬಿಟ್ಟಿದ್ದರು. ಬೆಳಗಿನಿಂದ ನೀರೂ ಕುಡಿದಿರಲಿಲ್ಲ. ಎರಡೂ ಕೈಯನ್ನು ಮಂಡಿಯ ನಡುವೆ ಸಿಕ್ಕಿಸಿಕೊಂಡಿದ್ದರು. ಬಾಗಿಲಲ್ಲಿ ಯಾರೋ ನಿಂತಂತಾಯಿತು. ತಲೆಯೆತ್ತಿದರೆ ಮಗುವಿನ ತಾಯಿ. ಬೈಯಲು ಬಂದಿದ್ದಾಳೆ ಎಂದುಕೊಂಡು, ಬೈಸಿಕೊಳ್ಳಲು ಸಿದ್ಧರಾಗಿ ಎದ್ದು ನಿಲ್ಲಲು ಹೊರಟರು. ಆಕೆ ಕೈ ಸನ್ನೆಯಲ್ಲೇ ಕೂರಿ ಎಂದಳು. ಹೊಸ್ತಿಲು ದಾಟುವ ಮೊದಲು ಚಪ್ಪಲಿ ಬಿಟ್ಟಳು. ಎದುರಿಗೆ ನೆಲದ ಮೇಲೆ ಕೂತು, ಆಸ್ಪತ್ರೆಯವರು ಅವಳಿಗೆಂದು ಕೊಟ್ಟಿದ್ದ ಊಟದ ಡಬ್ಬಿಯನ್ನು ತೆರೆದಳು. ಅನ್ನವನ್ನು ಬೆರಳಿನಿಂದ ನಡುವೆ ಗೆರೆ ಎಳೆದ ಹಾಗೆ ಎರಡು ಮಾಡಿ, ಅರ್ಧವನ್ನು ಮುಚ್ಚಳ ತಟ್ಟೆಗೆ ಹಾಕಿ, ಅವರ ಕಡೆಗೆ ಸರಿಸಿದಳು.